ಅಂಗಡಿ ಮತ್ತು ಪ್ರದರ್ಶನಾಲಯಗಳ ಹೊಂದಾಣಿಕೆ ಬೆಳಕು

ಮಾರಾಟದ ಮಳಿಗೆ, ಶೋಕೇಸ್, ವಸ್ತುಸಂಗ್ರಹಾಲಯ, ಕಲಾ ಗ್ಯಾಲರಿ ಮೊದಲಾದ ಕಡೆ ವಸ್ತುಗಳ ಮೇಲೆ ಬೀಳುವ ಬೆಳಕಿನ ಪ್ರಮಾಣ, ಬಣ್ಣ, ದಿಕ್ಕು ಮತ್ತು ಅವಧಿಗಳನ್ನು ಹೊರಗಿನ ಹಗಲಿಗೆ, ಒಳಗಿರುವ ಜನರಿಗೆ ಹಾಗೂ ಇರಿಸಿರುವ ವಸ್ತುವಿಗೆ ತಕ್ಕಂತೆ ತಾನಾಗಿಯೋ ಮೊದಲೇ ಗೊತ್ತುಪಡಿಸಿದ ಕ್ರಮದಲ್ಲೋ ಬದಲಾಯಿಸುವ ದೀಪವ್ಯವಸ್ಥೆಗೆ ಹೊಂದಾಣಿಕೆ ಬೆಳಕು ಎಂದು ಹೆಸರು. ದೀಪ, ಅದನ್ನು ನಡೆಸುವ ವಿದ್ಯುತ್ ಸಾಧನ, ಸುತ್ತಲಿನ ಸ್ಥಿತಿಯನ್ನು ಅರಿಯುವ ಸಂವೇದಕ, ಇವುಗಳ ನಡುವೆ ಸಂದೇಶ ಸಾಗಿಸುವ ಜಾಲ ಇವು ವ್ಯವಸ್ಥೆಯ ಅಂಗಗಳು. ವಿದ್ಯುತ್ ಉಳಿತಾಯವೇ ಇದರ ಉದ್ದೇಶವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆಯಾದರೂ ಪ್ರದರ್ಶನದ ಮಟ್ಟಿಗೆ ಅದು ಎರಡನೆಯ ಮಾತು. ನೋಡುವ ಕಣ್ಣು ಸದಾ ಹೋಲಿಕೆಯಿಂದಲೇ ಬೆಳಕನ್ನು ಅಳೆಯುವುದರಿಂದ, ಒಂದೇ ಮಟ್ಟದಲ್ಲಿ ಸ್ಥಿರವಾಗಿ ಉರಿಯುವ ದೀಪವು ಮಧ್ಯಾಹ್ನ ಮಂಕಾಗಿಯೂ ರಾತ್ರಿ ಕಣ್ಣು ಕುಕ್ಕುವಂತೆಯೂ ತೋರುತ್ತದೆ ಎಂಬ ಸರಳ ಸಂಗತಿಯೇ ಇದರ ಮೂಲ.

ಕಣ್ಣು ಮತ್ತು ಗಾಜು

ದೀಪವೊಂದು ಹೊರಸೂಸುವ ಒಟ್ಟು ಬೆಳಕನ್ನು ಲೂಮೆನ್‌ಗಳಲ್ಲಿ ಎಣಿಸುತ್ತಾರೆ. ಒಂದು ಚದರ ಮೀಟರ್ ಮೇಲ್ಮೈ ಮೇಲೆ ಒಂದು ಲೂಮೆನ್ ಬಿದ್ದರೆ ಅಲ್ಲಿನ ಬೆಳಕಿನ ಮಟ್ಟ ಒಂದು ಲಕ್ಸ್. ನೆತ್ತಿಯ ಬಿಸಿಲಿನಲ್ಲಿ ಈ ಮಟ್ಟ 1,00,000 ಲಕ್ಸ್ ಮುಟ್ಟುತ್ತದೆ, ಮೋಡ ಕವಿದ ಹಗಲಿನಲ್ಲಿ 10,000ದ ಆಸುಪಾಸಿನಲ್ಲಿರುತ್ತದೆ, ಆದರೆ ಚೆನ್ನಾಗಿ ಬೆಳಗಿದ ಅಂಗಡಿಯೊಳಗೂ ಅದು 300ರಿಂದ 1,000 ಲಕ್ಸ್‌ನಷ್ಟೇ. ಬೀದಿಯಿಂದ ಒಳಬಂದ ಗ್ರಾಹಕನ ಕಣ್ಣಿನ ಪಾಪೆ ಕ್ಷಣಗಳಲ್ಲಿ ಹಿಗ್ಗುತ್ತದೆಯಾದರೂ ಬಣ್ಣ ಗುರುತಿಸುವ ಶಂಕು ಕೋಶಗಳು ಮಂದ ಬೆಳಕಿಗೆ ಪೂರ್ತಿ ಒಗ್ಗಲು ಕೆಲವು ನಿಮಿಷಗಳು ಹಿಡಿಯುತ್ತವೆ, ಕಡುಕತ್ತಲೆಯಲ್ಲಿ ಕೆಲಸ ಮಾಡುವ ಸರಳು ಕೋಶಗಳಿಗೆ ಅರ್ಧ ಗಂಟೆಗೂ ಹೆಚ್ಚು ಬೇಕಾಗುತ್ತದೆ. ಆದ್ದರಿಂದ ಹಗಲು ಹೊತ್ತು ಬಾಗಿಲ ಬಳಿಯ ಮೊದಲ ಕೆಲವು ಮೀಟರ್ ಜಾಗವನ್ನು ಒಳಭಾಗಕ್ಕಿಂತ ಪ್ರಖರವಾಗಿ ಬೆಳಗಿಸಿ, ಸಂಜೆಯಾದಂತೆ ಆ ವ್ಯತ್ಯಾಸವನ್ನು ಕಡಿಮೆ ಮಾಡುವುದು ಹೊಂದಾಣಿಕೆ ವಿನ್ಯಾಸದ ಮೊದಲ ಪಾಠಗಳಲ್ಲೊಂದು.

ಬೀದಿಗೆ ಮುಖ ಮಾಡಿದ ಶೋಕೇಸಿನಲ್ಲಿ ಈ ಪ್ರಶ್ನೆ ಇನ್ನೂ ಚೂಪಾಗಿ ಎದುರಾಗುತ್ತದೆ. ಸಾಮಾನ್ಯ ಗಾಜಿನ ಒಂದೊಂದು ಮೈಯೂ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು 4 ಪ್ರತಿಶತವನ್ನು ಪ್ರತಿಫಲಿಸುತ್ತದೆ, ಎಂದರೆ ಒಂದು ಹಾಳೆಗೆ ಸುಮಾರು 8 ಪ್ರತಿಶತ. ಎದುರು ಬದಿಯ ಕಟ್ಟಡದ ಗೋಡೆಗೆ 50,000 ಲಕ್ಸ್ ಬಿಸಿಲು ಬಿದ್ದು, ಅದರ 30 ಪ್ರತಿಶತವನ್ನು ಆ ಗೋಡೆ ಚದುರಿಸಿದರೆ 15,000 ಘಟಕಗಳಷ್ಟಾಯಿತು. ಗಾಜಿನಲ್ಲಿ ಅದರ ಪ್ರತಿಬಿಂಬ 1,200 ಘಟಕಗಳಷ್ಟು. ಒಳಗೆ ಬೊಂಬೆಗೆ ಉಡಿಸಿದ ಬಟ್ಟೆಗೆ 1,000 ಲಕ್ಸ್ ಕೊಟ್ಟು, ಬಟ್ಟೆ ಅದರಲ್ಲಿ ಅರ್ಧವನ್ನು ಹಿಂದಿರುಗಿಸಿದರೂ ಬರುವುದು 500 ಘಟಕಗಳು ಮಾತ್ರ. ದಾರಿಹೋಕನಿಗೆ ಕಾಣುವುದು ಸೀರೆಯಲ್ಲ, ಎದುರಿನ ಗೋಡೆ ಮತ್ತು ತನ್ನದೇ ಮುಖ. ರಾತ್ರಿ ಬೀದಿಯ ಬೆಳಕು 20 ಲಕ್ಸ್‌ಗೆ ಇಳಿದಾಗ ಅದೇ ಪ್ರತಿಬಿಂಬ ಅರ್ಧ ಘಟಕಕ್ಕೆ ಕುಗ್ಗುವುದರಿಂದ ಶೋಕೇಸಿಗೆ 200 ಲಕ್ಸ್ ಧಾರಾಳವಾಗಿ ಸಾಕು. ಹೀಗೆ ಶೋಕೇಸಿಗೆ ಹಗಲಲ್ಲೇ ಹೆಚ್ಚು ಬೆಳಕು ಬೇಕು, ರಾತ್ರಿ ಕಡಿಮೆ. ಕತ್ತಲಾದಾಗ ಮಾತ್ರ ದೀಪ ಹಾಕುವ ರೂಢಿ ಇದಕ್ಕೆ ಸರಿಯಾಗಿ ತಿರುಗುಮುರುಗು. ಬಿಸಿಲಿನೊಡನೆ ದೀಪದಿಂದಲೇ ಪೈಪೋಟಿ ನಡೆಸುವುದು ದುಬಾರಿಯಾದ್ದರಿಂದ ಗಾಜಿನ ಮೇಲೆ ಚಪ್ಪರ ಇಳಿಸುವುದು, ಗಾಜನ್ನು ಓರೆಯಾಗಿ ನಿಲ್ಲಿಸುವುದು, ಪ್ರತಿಫಲನ ತಗ್ಗಿಸುವ ಲೇಪನದ ಗಾಜು ಬಳಸುವುದು ಇವೂ ವಿನ್ಯಾಸದ ಭಾಗವಾಗುತ್ತವೆ.

ಅಂಗಡಿಯೊಳಗೂ ಲೆಕ್ಕಕ್ಕೆ ಬರುವುದು ಅನುಪಾತವೇ. ಸುತ್ತಲಿನ ಸಾಮಾನ್ಯ ಬೆಳಕಿಗಿಂತ ಎರಡು ಪಟ್ಟು ಬೆಳಕನ್ನು ಒಂದು ವಸ್ತುವಿನ ಮೇಲೆ ಹರಿಸಿದರೆ ಅದು ಗಮನಕ್ಕೆ ಬಂದೂ ಬಾರದಂತಿರುತ್ತದೆ, ಐದು ಪಟ್ಟಾದಾಗ ಸ್ಪಷ್ಟವಾಗಿ ಎದ್ದು ಕಾಣುತ್ತದೆ, ಹದಿನೈದು ಪಟ್ಟಿನ ನಂತರ ರಂಗಭೂಮಿಯ ಪರಿಣಾಮ ಬರುತ್ತದೆ. ಇಡೀ ಮಳಿಗೆಯನ್ನು ಟ್ಯೂಬ್‌ಲೈಟುಗಳಿಂದ ಹಗಲು ಮಾಡಿದ ಮೇಲೆ ಒಂದು ವಸ್ತುವನ್ನು ಎತ್ತಿ ತೋರಿಸಲು ಬೇಕಾಗುವ ಬೆಳಕು ಅಸಾಧ್ಯವೆನಿಸುವಷ್ಟು ಏರುತ್ತದೆ; ಸಾಮಾನ್ಯ ಬೆಳಕನ್ನು ತಗ್ಗಿಸಿದ ಅಂಗಡಿಯಲ್ಲಾದರೋ ಸಣ್ಣದೊಂದು ಸ್ಪಾಟ್‌ಲೈಟ್ ಆ ಕೆಲಸ ಮಾಡಿ ಮುಗಿಸುತ್ತದೆ. ಅಮೆರಿಕದ ದೀಪ ವಿನ್ಯಾಸಕಾರ ರಿಚರ್ಡ್ ಕೆಲ್ಲಿ 1950ರ ದಶಕದ ಆರಂಭದಲ್ಲೇ ಬೆಳಕನ್ನು ಸುತ್ತಲೂ ಹರಡಿದ್ದು, ಒಂದೆಡೆ ಕೇಂದ್ರೀಕರಿಸಿದ್ದು, ಮಿನುಗಿ ಆಡುವುದು ಎಂದು ಮೂರಾಗಿ ವಿಂಗಡಿಸಿದ್ದನು. ಲೂಯಿ ಕಾನ್ ವಿನ್ಯಾಸಗೊಳಿಸಿ 1972ರಲ್ಲಿ ಫೋರ್ಟ್ ವರ್ತ್‌ನಲ್ಲಿ ತೆರೆದ ಕಿಂಬೆಲ್ ಕಲಾ ಸಂಗ್ರಹಾಲಯದಲ್ಲಿ ಸೂರ್ಯನ ಬೆಳಕನ್ನು ಕಮಾನು ಚಾವಣಿಯ ಒಳಮೈಗೆ ತಿರುಗಿಸುವ ಪ್ರತಿಫಲಕಗಳನ್ನು ರೂಪಿಸುವಲ್ಲಿಯೂ ಕೆಲ್ಲಿಯ ಪಾತ್ರವಿತ್ತು.

ಬೆಳವಣಿಗೆ

ಹತ್ತೊಂಬತ್ತನೆಯ ಶತಮಾನದ ದೊಡ್ಡ ಮಳಿಗೆಗಳು ಗಾಜಿನ ಚಾವಣಿಯಿಂದ ಇಳಿಯುವ ಹಗಲನ್ನೂ ಅನಿಲದ ದೀಪಗಳನ್ನೂ ನೆಚ್ಚಿದ್ದವು. ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ವಸ್ತುಸಂಗ್ರಹಾಲಯವು 1850ರ ದಶಕದ ಕೊನೆಯಲ್ಲಿ, ಹಗಲೆಲ್ಲ ದುಡಿಯುವವರೂ ಸಂಜೆ ಬಂದು ನೋಡಲೆಂದು ಅನಿಲ ದೀಪಗಳನ್ನು ಅಳವಡಿಸಿತು. ವಿದ್ಯುತ್ತಿನ ಚಾಪದೀಪಗಳು 1877ರಲ್ಲಿ ಪ್ಯಾರಿಸ್ಸಿನ ಲೂವ್ರ್ ಮಳಿಗೆಯನ್ನೂ ಮರುವರ್ಷ ಫಿಲಡೆಲ್ಫಿಯದ ವಾನಮೇಕರ್ ಮಳಿಗೆಯನ್ನೂ ಪ್ರವೇಶಿಸಿದವು. 1930ರ ದಶಕದ ಅಂತ್ಯದಲ್ಲಿ ಮಾರುಕಟ್ಟೆಗೆ ಬಂದ ಪ್ರತಿದೀಪ್ತ ಕೊಳವೆ, ಎಂದರೆ ಟ್ಯೂಬ್‌ಲೈಟ್, ಅಗ್ಗದ ಸಮತಟ್ಟಾದ ಬೆಳಕನ್ನು ಎಲ್ಲೆಡೆ ಹರಡಿತು. ನಂತರ ಬಂದ ಹ್ಯಾಲೊಜೆನ್ ದೀಪ ಬಣ್ಣವನ್ನು ಸೊಗಸಾಗಿ ತೋರುತ್ತಿತ್ತು, ಸುಲಭವಾಗಿ ಮಂಕಾಗಿಸಬಹುದಾಗಿತ್ತು, ಆದರೆ ಪ್ರತಿ ವ್ಯಾಟ್‌ಗೆ 15ರಿಂದ 25 ಲೂಮೆನ್ ಮಾತ್ರ ಕೊಟ್ಟು ಉಳಿದುದನ್ನು ಶಾಖವಾಗಿ ಸುರಿಯುತ್ತಿತ್ತು. ಮೆಟಲ್ ಹ್ಯಾಲೈಡ್ ದೀಪ ಅದರ ನಾಲ್ಕೈದು ಪಟ್ಟು ಬೆಳಕು ಕೊಟ್ಟರೂ ಒಮ್ಮೆ ಆರಿದರೆ ಮತ್ತೆ ಹೊತ್ತಲು ಹಲವು ನಿಮಿಷ ಕಾಯಿಸುತ್ತಿತ್ತು. ಈ ದೀಪಗಳ ಕಾಲದಲ್ಲಿ ಬೆಳಕನ್ನು ಗಳಿಗೆಗೊಮ್ಮೆ ಬದಲಾಯಿಸುವ ಆಸೆ ಇದ್ದರೂ ಸಾಧನ ಇರಲಿಲ್ಲ.

ಸಾಧನವನ್ನು ಒದಗಿಸಿದ್ದು ಬೆಳಕು ಸೂಸುವ ಡಯೋಡ್, ಎಂದರೆ ಎಲ್‌ಇಡಿ. 1990ರ ದಶಕದಲ್ಲಿ ಪ್ರಖರ ನೀಲಿ ಎಲ್‌ಇಡಿ ಸಿದ್ಧವಾಗಿ, ಅದಕ್ಕೆ ಹಳದಿ ಬೆಳಕು ಕೊಡುವ ಫಾಸ್ಫರ್ ಲೇಪಿಸಿದಾಗ ಬಿಳಿ ಬೆಳಕು ದೊರೆಯಿತು. ನೀಲಿ ಎಲ್‌ಇಡಿಗಾಗಿ ಇಸಾಮು ಅಕಸಾಕಿ, ಹಿರೋಶಿ ಅಮಾನೊ, ಶುಜಿ ನಕಮುರ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿತು. ಎಲ್‌ಇಡಿ ಕ್ಷಣಮಾತ್ರದಲ್ಲಿ ಹೊತ್ತುತ್ತದೆ, ಎಷ್ಟು ಸಲ ಆರಿಸಿ ಹೊತ್ತಿಸಿದರೂ ಸವೆಯುವುದಿಲ್ಲ, ಮಂಕಾಗಿಸಿದಷ್ಟೂ ಆಯುಷ್ಯ ಹೆಚ್ಚುತ್ತದೆ, ಬೇರೆ ಬೇರೆ ಬಣ್ಣದ ಕಣಗಳನ್ನು ಒಂದೇ ದೀಪದಲ್ಲಿ ಕೂಡಿಸಲು ಬರುತ್ತದೆ. 2013ರಲ್ಲಿ ಮತ್ತೆ ತೆರೆದ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಮ್ ಮತ್ತು 2014ರಲ್ಲಿ ಸುಮಾರು 7,000 ಎಲ್‌ಇಡಿಗಳಿಂದ ಬೆಳಗಿದ ವ್ಯಾಟಿಕನ್ನಿನ ಸಿಸ್ಟೀನ್ ಚಾಪೆಲ್ ಈ ದೀಪಕ್ಕೆ ಕಲಾಜಗತ್ತಿನ ಒಪ್ಪಿಗೆ ದೊರಕಿಸಿದವು.

ಬಣ್ಣ

ಬಿಳಿ ಬೆಳಕಿನ ಛಾಯೆಯನ್ನು ವರ್ಣತಾಪ ಎಂಬ ಅಳತೆಯಿಂದ, ಕೆಲ್ವಿನ್ ಮಾನದಲ್ಲಿ ಸೂಚಿಸುತ್ತಾರೆ: 2,700 ಕೆಲ್ವಿನ್ ಹಳೆಯ ಬುರುಡೆ ಬಲ್ಬಿನ ಹೊಂಬೆಳಕು, 4,000 ನಡುವಣ ಬಿಳುಪು, 6,500 ಮೋಡದ ಹಗಲಿನ ನೀಲಿ ಮಿಶ್ರಿತ ಬಿಳುಪು. ಚಿನ್ನ, ಬ್ರೆಡ್ಡು, ಮರದ ಪೀಠೋಪಕರಣಗಳಿಗೆ ಹೊಂಬೆಳಕನ್ನೂ ವಜ್ರ, ಬೆಳ್ಳಿ, ಮೀನುಗಳಿಗೆ ತಣ್ಣನೆಯ ಬಿಳುಪನ್ನೂ ಆರಿಸುವುದು ವ್ಯಾಪಾರದ ರೂಢಿ. ಎಷ್ಟು ಬೆಳಕಿಗೆ ಎಂಥ ವರ್ಣತಾಪ ಹಿತವೆಂದು ಡಚ್ ವಿಜ್ಞಾನಿ ಕ್ರೌಟಾಫ್ 1941ರಲ್ಲಿ ರೇಖಾಚಿತ್ರವೊಂದನ್ನು ಪ್ರಕಟಿಸಿದನು. ಮಂದ ಬೆಳಕು ಹೊಂಬಣ್ಣದ್ದಾಗಿರಬೇಕು, ಪ್ರಖರವಾದದ್ದು ಬಿಳುಪಾಗಿರಬೇಕು ಎಂಬುದು ಅದರ ಸಾರ. ಮುಂದಿನ ಪ್ರಯೋಗಗಳು ಅದನ್ನು ಪೂರ್ತಿಯಾಗಿ ಸಮರ್ಥಿಸದಿದ್ದರೂ ವಿನ್ಯಾಸಕಾರರು ಇಂದಿಗೂ ಅದನ್ನು ಬಿಟ್ಟಿಲ್ಲ.

ವಸ್ತುವಿನ ಬಣ್ಣವನ್ನು ದೀಪ ಎಷ್ಟು ನಿಷ್ಠೆಯಿಂದ ತೋರುತ್ತದೆ ಎಂಬುದು ವರ್ಣತಾಪದಿಂದ ತಿಳಿಯುವುದಿಲ್ಲ. ಅದಕ್ಕೆ ಅಂತರರಾಷ್ಟ್ರೀಯ ದೀಪನ ಆಯೋಗವು 1965ರಲ್ಲಿ ರೂಪಿಸಿದ, ಸಿಆರ್‌ಐ ಎಂದು ಪ್ರಸಿದ್ಧವಾದ ವರ್ಣನಿಷ್ಠೆಯ ಸೂಚ್ಯಂಕವಿದೆ; ಇದರ ಗರಿಷ್ಠ ಅಂಕ 100. ಎಂಟು ತಿಳಿಬಣ್ಣದ ಮಾದರಿಗಳ ಸರಾಸರಿಯಾದ ಈ ಅಂಕದಲ್ಲಿ ಕಡುಗೆಂಪು ಸೇರಿಲ್ಲವಾದ್ದರಿಂದ, 80 ಅಂಕ ಪಡೆದ ಎಲ್‌ಇಡಿಯೂ ಕೆಂಪನ್ನು ಕಂದಿಸಿ ತೋರಬಹುದು. ಕುಂಕುಮಗೆಂಪಿನ ಸೀರೆ, ಮಾಣಿಕ್ಯದ ಹರಳು, ಟೊಮೆಟೊ ಮಾರುವವರು ಆರ್9 ಎಂಬ ಪ್ರತ್ಯೇಕ ಕೆಂಪಿನ ಅಂಕವನ್ನು ಕೇಳಬೇಕಾದುದು ಇದಕ್ಕಾಗಿ. ಅಮೆರಿಕದ ದೀಪನ ಎಂಜಿನಿಯರರ ಸಂಘವು 2015ರಲ್ಲಿ ಪ್ರಕಟಿಸಿದ ಟಿಎಂ-30 ವಿಧಾನ 99 ಮಾದರಿಗಳನ್ನು ಬಳಸಿ, ನಿಷ್ಠೆಯನ್ನೂ ಬಣ್ಣ ಎಷ್ಟು ಗಾಢವಾಗಿ ಕಾಣುತ್ತದೆಂಬುದನ್ನೂ ಬೇರೆ ಬೇರೆಯಾಗಿ ಅಳೆಯುತ್ತದೆ.

ಬೆಳಕಿನ ಈ ಎಲ್ಲ ಗುಣಗಳೂ ಒಟ್ಟಿಗೆ ಪರೀಕ್ಷೆಗೊಳಗಾಗುವುದು ರೇಷ್ಮೆ ಸೀರೆಯ ಅಂಗಡಿಯಲ್ಲಿ. ಬೆಂಗಳೂರಿನ ಚಿಕ್ಕಪೇಟೆಯಂಥ ಹಳೆಯ ಮಾರುಕಟ್ಟೆಗಳಲ್ಲಿ ಬಿಳಿ ಹಾಸಿನ ಮೇಲೆ ಹರವಿದ ಸೀರೆಯ ಸೆರಗನ್ನು ಗಿರಾಕಿ ಬಾಗಿಲ ತನಕ ಒಯ್ದು ಹಗಲ ಬೆಳಕಿಗೆ ಹಿಡಿದು ನೋಡುವ ವಾಡಿಕೆಗೆ ಗಟ್ಟಿಯಾದ ಕಾರಣವಿದೆ. ಎರಡು ಬಟ್ಟೆಗಳು ಒಂದು ಬೆಳಕಿನಲ್ಲಿ ಒಂದೇ ಬಣ್ಣದವಾಗಿ, ಇನ್ನೊಂದರಲ್ಲಿ ಬೇರೆಯಾಗಿ ಕಾಣಬಹುದು. ಅವುಗಳ ಬಣ್ಣದ್ರವ್ಯಗಳು ಬೇರೆಯಾಗಿದ್ದು, ಬೆಳಕಿನ ಬೇರೆ ಬೇರೆ ಅಲೆಗಳನ್ನು ಹೀರುವುದೇ ಇದಕ್ಕೆ ಕಾರಣ. ಅಂಗಡಿಯ ದೀಪದಲ್ಲಿ ಸೀರೆಗೆ ಸರಿಹೊಂದಿದ ರವಿಕೆ ಬಟ್ಟೆ ಮದುವೆಯ ಚಪ್ಪರದಲ್ಲಿ ಬೇರೆ ಬಣ್ಣಕ್ಕೆ ತಿರುಗುವುದು ಹೀಗೆ. ಹಾಸಿನ ಎಳೆ ಒಂದು ಬಣ್ಣ, ಹೊಕ್ಕಿನ ಎಳೆ ಇನ್ನೊಂದು ಬಣ್ಣವಾಗಿರುವ ರೇಷ್ಮೆಯಲ್ಲಿ ನೋಡುವ ಕೋನ ಬದಲಾದಂತೆ ಛಾಯೆಯೂ ಬದಲಾಗುವುದರಿಂದ ಬೆಳಕಿನ ದಿಕ್ಕಿಗೂ ಬೆಲೆ ಬರುತ್ತದೆ. ಜರಿಯ ಮಾತೇ ಬೇರೆ: ಲೋಹದ ಹೊಳಪು ಮಿನುಗಲು ಒಂದೆಡೆಯಿಂದ ಬರುವ ಸಣ್ಣ ದೀಪದ ಕಿರಣ ಬೇಕು, ಚಾವಣಿಯ ತುಂಬ ಹರಡಿದ ಪ್ಯಾನೆಲ್ ದೀಪಗಳ ಅಡಿಯಲ್ಲಿ ಅಪ್ಪಟ ಜರಿಯೂ ಹಳದಿ ದಾರದಂತೆ ಸಪ್ಪೆಯಾಗುತ್ತದೆ. ಹೊಂದಾಣಿಕೆ ವ್ಯವಸ್ಥೆಯುಳ್ಳ ಮಳಿಗೆಯಲ್ಲಿ ಕನ್ನಡಿಯ ಮುಂದೆ ನಿಂತವರು ಹಗಲು, ಸಂಜೆ, ಮದುವೆ ಮಂಟಪ ಎಂಬಂತೆ ಬೆಳಕಿನ ಸನ್ನಿವೇಶಗಳನ್ನು ಗುಂಡಿ ಒತ್ತಿ ಬದಲಾಯಿಸಿ ನೋಡಬಹುದು. ಹೊಂಬೆಳಕಿನ ಮತ್ತು ತಣ್ಣನೆಯ ಬೆಳಕಿನ ಎರಡು ಬಗೆಯ ಎಲ್‌ಇಡಿಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ಇದನ್ನು ಸಾಧಿಸುತ್ತಾರೆ; ಎರಡೇ ಬಗೆ ಬೆರೆಸಿದಾಗ ನಡುವಣ ಬಿಳುಪು ತುಸು ಗುಲಾಬಿಗೆ ವಾಲುವುದರಿಂದ ಉತ್ತಮ ದೀಪಗಳಲ್ಲಿ ಮೂರು ಅಥವಾ ಹೆಚ್ಚು ಬಗೆಯ ಕಣಗಳಿರುತ್ತವೆ.

ನಿಯಂತ್ರಣ

ಬೆಳಕನ್ನು ಅಳತೆಯಲ್ಲಿ 10 ಪ್ರತಿಶತಕ್ಕೆ ಇಳಿಸಿದರೂ ಕಣ್ಣಿಗೆ ಅದು ಸುಮಾರು ಮೂರನೇ ಒಂದರಷ್ಟಿರುವಂತೆ ತೋರುತ್ತದೆ. ಈ ಕಾರಣದಿಂದ ಡಿಮ್ಮರುಗಳು ಸಮಪ್ರಮಾಣದಲ್ಲಿ ಇಳಿಸದೆ, ಕೆಳಮಟ್ಟದಲ್ಲಿ ಸಣ್ಣ ಸಣ್ಣ ಹೆಜ್ಜೆಗಳಿಡುವ ವಕ್ರರೇಖೆಯನ್ನು ಅನುಸರಿಸುತ್ತವೆ. ಎಲ್‌ಇಡಿಯನ್ನು ಮಂಕಾಗಿಸಲು ಅದರ ವಿದ್ಯುತ್ ಪ್ರವಾಹವನ್ನು ತಗ್ಗಿಸಬಹುದು, ಇಲ್ಲವೆ ಸೆಕೆಂಡಿಗೆ ನೂರಾರು ಅಥವಾ ಸಾವಿರಾರು ಬಾರಿ ಆರಿಸಿ ಹೊತ್ತಿಸಿ, ಹೊತ್ತಿರುವ ಪಾಲನ್ನು ಕಿರಿದಾಗಿಸಬಹುದು. ಎರಡನೆಯ ವಿಧಾನದಲ್ಲಿ ಆವರ್ತನ ಕಡಿಮೆಯಾದರೆ ಕೆಲವರಿಗೆ ತಲೆನೋವು ಬರುತ್ತದೆ, ಮೊಬೈಲ್ ಕ್ಯಾಮೆರಾದಲ್ಲಿ ಕಪ್ಪು ಪಟ್ಟೆಗಳು ಮೂಡುತ್ತವೆ. ಗಿರಾಕಿ ಸೀರೆಯ ಚಿತ್ರ ತೆಗೆದು ಮನೆಯವರಿಗೆ ಕಳಿಸಿ ಒಪ್ಪಿಗೆ ಪಡೆಯುವ ಈ ಕಾಲದಲ್ಲಿ ಅದು ವ್ಯಾಪಾರಕ್ಕೇ ತೊಡಕು.

ದೀಪಗಳಿಗೆ ಆಜ್ಞೆ ಮುಟ್ಟಿಸಲು ಹಲವು ನಿಯಮಾವಳಿಗಳಿವೆ. ಕಟ್ಟಡಗಳಲ್ಲಿ ಹೆಚ್ಚಾಗಿ ಕಾಣುವ ಡಾಲಿ ಎಂಬ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಒಂದು ಜೋಡಿ ತಂತಿಯ ಮೇಲೆ 64 ಸಾಧನಗಳಿಗೆ ಪ್ರತ್ಯೇಕ ವಿಳಾಸ ಕೊಟ್ಟು, ಅವುಗಳನ್ನು 16 ಗುಂಪುಗಳಾಗಿ ವಿಂಗಡಿಸಿ, 16 ಸನ್ನಿವೇಶಗಳನ್ನು ನೆನಪಿನಲ್ಲಿ ಇರಿಸಬಹುದು. ಗುಂಪುಗಳು ತಂತಿಜೋಡಣೆಗೆ ಕಟ್ಟುಬಿದ್ದಿಲ್ಲವಾದ್ದರಿಂದ ಕಪಾಟುಗಳ ಜಾಗ ಬದಲಾದಾಗ ಗೋಡೆ ಅಗೆಯಬೇಕಾಗಿಲ್ಲ. ರಂಗಭೂಮಿಯಿಂದ ಬಂದ ಡಿಎಂಎಕ್ಸ್ ಪದ್ಧತಿ 512 ವಾಹಿನಿಗಳನ್ನು ವೇಗವಾಗಿ ಬದಲಾಯಿಸಬಲ್ಲುದಾಗಿ ಬಣ್ಣದಾಟದ ಶೋಕೇಸುಗಳಿಗೆ ಒಗ್ಗುತ್ತದೆ. ಹಳೆಯ ಕಟ್ಟಡಗಳಲ್ಲಿ ಜಿಗ್‌ಬೀ, ಬ್ಲೂಟೂತ್ ಮುಂತಾದ ನಿಸ್ತಂತು ಜಾಲಗಳು ಅನುಕೂಲಕರ. ದೀಪದ ಬೆಳಕನ್ನೇ ಕಣ್ಣಿಗೆ ಕಾಣದ ವೇಗದಲ್ಲಿ ಮಿಡಿಸಿ, ಗ್ರಾಹಕನ ಮೊಬೈಲಿಗೆ ಆತ ನಿಂತಿರುವ ಜಾಗವನ್ನು ತಿಳಿಸುವ ವ್ಯವಸ್ಥೆಯನ್ನು 2015ರಲ್ಲಿ ಫಿಲಿಪ್ಸ್ ಸಂಸ್ಥೆಯು ಫ್ರಾನ್ಸಿನ ಲಿಲ್ ನಗರದ ಕಾರ್‌ಫೂರ್ ಮಳಿಗೆಯಲ್ಲಿ ಸ್ಥಾಪಿಸಿತು.

ಸಂವೇದಕಗಳಲ್ಲಿ ಎರಡು ಮುಖ್ಯ. ಚಲನೆಯ ಸಂವೇದಕ ಮೈಶಾಖದ ಕಿರಣಗಳಲ್ಲಾಗುವ ಬದಲಾವಣೆಯನ್ನು ಗ್ರಹಿಸುತ್ತದೆ. ಒಡವೆಯ ಮುಂದೆ ಅಲುಗಾಡದೆ ನಿಂತು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿರುವ ಗಿರಾಕಿ ಅದರ ಪಾಲಿಗೆ ಇಲ್ಲದವನೇ ಆಗಿ, ದೀಪ ಆರುವುದುಂಟು. ಬೆಳಕಿನ ಸಂವೇದಕ ಚಾವಣಿಯಲ್ಲಿದ್ದು ಕೆಳಗಿನಿಂದ ಮರಳಿ ಬಂದ ಬೆಳಕನ್ನು ಅಳೆದು, ಹಗಲು ಹೆಚ್ಚಿದಷ್ಟು ದೀಪವನ್ನು ತಗ್ಗಿಸುತ್ತದೆ. ಬಿಳಿ ಪಂಚೆಗಳ ರಾಶಿ ಇದ್ದ ಜಾಗದಲ್ಲಿ ಕಪ್ಪು ಕಂಬಳಿಗಳನ್ನು ಪೇರಿಸಿದರೆ ಅದಕ್ಕೆ ಸೂರ್ಯ ಮುಳುಗಿದಂತೆ ಅನಿಸಿ, ದೀಪಗಳನ್ನು ಪೂರ್ತಿ ಏರಿಸಿಬಿಡುತ್ತದೆ. ಕ್ಯಾಮೆರಾವನ್ನೇ ಸಂವೇದಕವಾಗಿ ಬಳಸಿದಾಗ ಇಂಥ ತಪ್ಪುಗಳು ಕಡಿಮೆಯಾಗುತ್ತವೆಯಾದರೂ ಗ್ರಾಹಕರ ಖಾಸಗಿತನದ ಪ್ರಶ್ನೆ ಎದುರಾಗುತ್ತದೆ.

ವಸ್ತುಸಂಗ್ರಹಾಲಯಗಳಲ್ಲಿ

ಅಂಗಡಿಯ ಸರಕು ಕೆಲವು ವಾರಗಳಲ್ಲಿ ಮಾರಿಹೋಗುತ್ತದೆ, ಸಂಗ್ರಹಾಲಯದ ವಸ್ತು ಶತಮಾನಗಳ ಕಾಲ ಉಳಿಯಬೇಕು. ಜಲವರ್ಣಗಳನ್ನು ಬೆಳಕು ಹೇಗೆ ಕೆಡಿಸುತ್ತದೆ ಎಂಬುದನ್ನು ವಿಜ್ಞಾನಿಗಳಾದ ರಸೆಲ್ ಮತ್ತು ಆಬ್ನಿ 1888ರಲ್ಲೇ ಬ್ರಿಟಿಷ್ ಸರ್ಕಾರಕ್ಕೆ ವರದಿ ಮಾಡಿದ್ದರು. ಹಾನಿ ಸಂಚಿತವಾದುದು: 50 ಲಕ್ಸ್ ಬೆಳಕು ಹತ್ತು ಗಂಟೆ ಬಿದ್ದರೂ 500 ಲಕ್ಸ್ ಒಂದು ಗಂಟೆ ಬಿದ್ದರೂ ಬಣ್ಣ ಮಾಸುವುದು ಬಹುಮಟ್ಟಿಗೆ ಒಂದೇ. ಹೀಗಾಗಿ ಮಿತಿಯನ್ನು ಲಕ್ಸ್-ಗಂಟೆಗಳಲ್ಲಿ ಹೇಳುತ್ತಾರೆ. ಅಂತರರಾಷ್ಟ್ರೀಯ ದೀಪನ ಆಯೋಗದ 2004ರ ಮಾರ್ಗಸೂಚಿ ಅತಿ ಸೂಕ್ಷ್ಮ ವಸ್ತುಗಳಿಗೆ ವರ್ಷಕ್ಕೆ 15,000, ಮಧ್ಯಮ ಸೂಕ್ಷ್ಮದವುಗಳಿಗೆ 1,50,000, ಕಡಿಮೆ ಸೂಕ್ಷ್ಮದವುಗಳಿಗೆ 6,00,000 ಲಕ್ಸ್-ಗಂಟೆಗಳ ಮಿತಿ ಹಾಕಿದೆ. ಕಲ್ಲು ಮತ್ತು ಲೋಹದ ಬಹುತೇಕ ವಸ್ತುಗಳಿಗೆ ಈ ಚಿಂತೆಯಿಲ್ಲ. ಅರಿಶಿನದಿಂದ ಬಣ್ಣ ಹಾಕಿದ ಬಟ್ಟೆ ಮೊದಲ ವರ್ಗಕ್ಕೆ ಸೇರುತ್ತದೆ. ಅದನ್ನು 50 ಲಕ್ಸ್‌ನಲ್ಲಿ ತೋರಿಸಿದರೆ ವರ್ಷಕ್ಕೆ 300 ಗಂಟೆಗಳಲ್ಲಿ ಮಿತಿ ಮುಗಿಯುತ್ತದೆ, ದಿನಕ್ಕೆ ಎಂಟು ಗಂಟೆ ತೆರೆದಿರುವ ಸಂಗ್ರಹಾಲಯದಲ್ಲಿ ಎರಡು ತಿಂಗಳೂ ಬಾರದು. ನೋಡುಗರು ಹತ್ತಿರ ಬಂದಾಗ ಮಾತ್ರ ಬೆಳಕು ನಿಧಾನವಾಗಿ ಏರಿ, ಹೋದ ಮೇಲೆ ಇಳಿಯುವ ಪೆಟ್ಟಿಗೆಗಳು ಇಲ್ಲಿ ನಿಜವಾದ ಪ್ರಯೋಜನಕ್ಕೆ ಬರುತ್ತವೆ. ಅರವತ್ತು ವರ್ಷದ ವ್ಯಕ್ತಿಯ ಅಕ್ಷಿಪಟಲವನ್ನು ಮುಟ್ಟುವ ಬೆಳಕು ಇಪ್ಪತ್ತರ ಯುವಕನದರ ಸುಮಾರು ಮೂರನೇ ಒಂದಂಶ ಮಾತ್ರವಾದ್ದರಿಂದ, ಹಿರಿಯರು ಬಂದಾಗ ಮಟ್ಟವನ್ನು ತುಸು ಏರಿಸಿ, ಖಾಲಿ ಹೊತ್ತಿನಲ್ಲಿ ಅದನ್ನು ಸರಿದೂಗಿಸುವ ಅವಕಾಶವೂ ಇದರಿಂದ ದೊರೆಯುತ್ತದೆ.

ಬೆಳಕು ಮಾಡಿದ ಹಾನಿಯನ್ನು ಬೆಳಕಿನಿಂದಲೇ ಮರೆಮಾಡಿದ ಪ್ರಸಂಗವೊಂದು ಈ ಕ್ಷೇತ್ರದಲ್ಲಿ ಹೆಸರಾಗಿದೆ. ಚಿತ್ರಕಾರ ಮಾರ್ಕ್ ರಾಥ್ಕೊ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆಂದು ಬಿಡಿಸಿದ, 1964ರಲ್ಲಿ ಅಲ್ಲಿನ ಭೋಜನಶಾಲೆಯಲ್ಲಿ ತೂಗುಹಾಕಿದ ದೊಡ್ಡ ಚಿತ್ರಗಳು, ಅವುಗಳಲ್ಲಿದ್ದ ಲಿಥಾಲ್ ಕೆಂಪು ಎಂಬ ಬಣ್ಣದ್ರವ್ಯ ಬಿಸಿಲಿಗೆ ತಾಳದ್ದರಿಂದ ಮಾಸಿಹೋಗಿ, 1979ರಲ್ಲಿ ಉಗ್ರಾಣ ಸೇರಿದವು. 2014ರಲ್ಲಿ ಹಾರ್ವರ್ಡ್ ಕಲಾ ಸಂಗ್ರಹಾಲಯಗಳು ಚಿತ್ರಗಳಿಗೆ ಕುಂಚ ಸೋಕಿಸದೆ, ಹಳೆಯ ಛಾಯಾಚಿತ್ರಗಳಿಂದ ಮೂಲ ಬಣ್ಣವನ್ನು ಅಂದಾಜಿಸಿ, ಈಗಿನ ಬಣ್ಣಕ್ಕೂ ಅದಕ್ಕೂ ಇರುವ ವ್ಯತ್ಯಾಸವನ್ನು ಚುಕ್ಕಿ ಚುಕ್ಕಿಯಾಗಿ ಲೆಕ್ಕಹಾಕಿ, ಅಷ್ಟನ್ನು ಪ್ರೊಜೆಕ್ಟರಿನಿಂದ ಕ್ಯಾನ್ವಾಸಿನ ಮೇಲೆ ಹಾಯಿಸಿದವು. ಪ್ರತಿದಿನ ಸಂಜೆ ನಾಲ್ಕಕ್ಕೆ ಪ್ರೊಜೆಕ್ಟರ್ ಆರಿಸಿದಾಗ ಮಾಸಿದ ಚಿತ್ರಗಳು ಇದ್ದಂತೆಯೇ ಕಾಣುತ್ತಿದ್ದವು.

ಮಾರಾಟದ ಮೇಲೆ ಪರಿಣಾಮ

ಬೆಳಕು ಹೆಚ್ಚಿದರೆ ವ್ಯಾಪಾರ ಹೆಚ್ಚುತ್ತದೆಂಬ ನಂಬಿಕೆಗೆ ಸಿಗುವ ಆಧಾರ ಹೇಳುವಷ್ಟು ಗಟ್ಟಿಯಲ್ಲ. ಸಂಶೋಧಕರಾದ ಅರೆನಿ ಮತ್ತು ಕಿಮ್ 1994ರಲ್ಲಿ ಪ್ರಕಟಿಸಿದ, ವೈನ್ ಅಂಗಡಿಯೊಂದರ ಅಧ್ಯಯನದಲ್ಲಿ ಪ್ರಖರ ಬೆಳಕಿದ್ದಾಗ ಗ್ರಾಹಕರು ಹೆಚ್ಚು ಬಾಟಲಿಗಳನ್ನು ಕೈಗೆತ್ತಿಕೊಂಡು ನೋಡಿದರು, ಆದರೆ ಕೊಂಡದ್ದು ಹೆಚ್ಚಲಿಲ್ಲ. ಕ್ಯಾಲಿಫೋರ್ನಿಯದ ಹೆಶಾಂಗ್ ಮಹೋನ್ ಸಂಸ್ಥೆ 1999ರಲ್ಲಿ, ಒಂದೇ ಕಂಪನಿಯ 108 ಮಳಿಗೆಗಳಲ್ಲಿ ಚಾವಣಿ ಬೆಳಕಿಂಡಿ ಇದ್ದವುಗಳಲ್ಲಿ ಮಾರಾಟ 40 ಪ್ರತಿಶತ ಹೆಚ್ಚೆಂದು ವರದಿ ಮಾಡಿ ಸುದ್ದಿಯಾಯಿತು. ಅದೇ ಸಂಸ್ಥೆ 2003ರಲ್ಲಿ ಮತ್ತೊಂದು ಕಂಪನಿಯ ಮಳಿಗೆಗಳನ್ನು ಪರಿಶೀಲಿಸಿದಾಗ ಸರಾಸರಿ ಪರಿಣಾಮ ತೀರ ಚಿಕ್ಕದಾಗಿತ್ತು. ಮಾರಾಟಗಾರರ ಕೈಪಿಡಿಗಳಲ್ಲಿ ಮೊದಲ ಅಂಕಿಯಷ್ಟೇ ಉಳಿದುಕೊಂಡಿದೆ. ಬೆಳಕಿನಿಂದ ಸರಕು ಕೆಡುವುದು ಮಾತ್ರ ಖಚಿತ: ಹಾಲಿನ ರುಚಿ ಕೆಡುತ್ತದೆ, ಆಲೂಗಡ್ಡೆ ಹಸಿರಾಗುತ್ತದೆ, ಶೋಕೇಸಿನಲ್ಲಿ ಮಡಿಸಿಟ್ಟ ಬಟ್ಟೆ ಮಡಿಕೆಯ ಅಂಚಿನಲ್ಲೇ ಬಿಳಿಚಿಕೊಳ್ಳುತ್ತದೆ.

ನಿಯಮಗಳು ಮತ್ತು ಬಳಕೆಯ ತೊಡಕುಗಳು

ಬಣ್ಣವನ್ನು ಬೇಕಾದಂತೆ ತಿರುಚಬಲ್ಲ ದೀಪ ಮೋಸಕ್ಕೂ ಒದಗುತ್ತದೆ. ಮಾಂಸದ ಮೇಲೆ ಗುಲಾಬಿ, ಸೊಪ್ಪಿನ ಮೇಲೆ ಹಸಿರು ಛಾಯೆ ಚೆಲ್ಲಿ ಹಳಸಿದ್ದನ್ನು ತಾಜಾ ಎನಿಸುವ ದೀಪಗಳು ಏಷ್ಯಾದ ಹಲವು ಮಾರುಕಟ್ಟೆಗಳಲ್ಲಿ ಕಾಣಿಸಿಕೊಂಡ ಮೇಲೆ, ಚೀನಾ 2023ರ ಡಿಸೆಂಬರ್ 1ರಿಂದ ಕೃಷಿ ಆಹಾರ ಪದಾರ್ಥಗಳ ನಿಜಬಣ್ಣವನ್ನು ಮರೆಮಾಚುವ ಬೆಳಕನ್ನು ನಿಷೇಧಿಸಿತು. ಭಾರತದಲ್ಲಿ ನಿಯಮಗಳ ಗಮನ ಮುಖ್ಯವಾಗಿ ವಿದ್ಯುತ್ ಉಳಿತಾಯದ ಮೇಲಿದೆ. 2001ರ ಇಂಧನ ಸಂರಕ್ಷಣಾ ಕಾಯಿದೆಯಡಿ 2007ರಲ್ಲಿ ಹೊರಬಂದು 2017ರಲ್ಲಿ ಪರಿಷ್ಕೃತವಾದ ಕಟ್ಟಡ ಸಂಹಿತೆಯು ಒಂದು ಚದರ ಮೀಟರಿಗೆ ದೀಪಗಳಿಗಾಗಿ ಇಷ್ಟೇ ವ್ಯಾಟ್ ಎಂದು ಮಿತಿ ಹಾಕಿ, ಸ್ವಯಂ ನಿಯಂತ್ರಣಗಳನ್ನೂ ಹಗಲು ಬೆಳಕಿನ ಬಳಕೆಯನ್ನೂ ಬಯಸುತ್ತದೆ. ಹವಾನಿಯಂತ್ರಿತ ಮಳಿಗೆಯಲ್ಲಿ ದೀಪದ ಪ್ರತಿ ವ್ಯಾಟ್ ಕೊನೆಗೆ ಶಾಖವಾಗಿ ತಂಪು ಯಂತ್ರದ ಮೇಲೆ ಬೀಳುವುದರಿಂದ ಉಳಿತಾಯ ಎರಡು ಕಡೆ ಆಗುತ್ತದೆ. ಆದರೆ ಈ ಸಂಹಿತೆ 100 ಕಿಲೊವ್ಯಾಟ್ ಅಥವಾ ಅದಕ್ಕೆ ಮೀರಿದ ಸಂಪರ್ಕಭಾರದ ವಾಣಿಜ್ಯ ಕಟ್ಟಡಗಳಿಗೆಂದು ರೂಪಿತವಾದುದು. ಪೇಟೆಬೀದಿಯ ಸಣ್ಣ ಅಂಗಡಿಗಳು ಅದರ ಹೊರಗೇ ಉಳಿಯುತ್ತವೆ.

ದೊಡ್ಡ ವ್ಯವಸ್ಥೆಗಳು ವಿಫಲವಾಗುವುದು ಸಾಮಾನ್ಯವಾಗಿ ಉಪಕರಣದ ದೋಷದಿಂದಲ್ಲ. ಕಟ್ಟಡ ಖಾಲಿಯಿದ್ದಾಗ ಸಂವೇದಕಗಳನ್ನು ಹದಗೊಳಿಸಿ ಹೋದ ಗುತ್ತಿಗೆದಾರ, ಕಪಾಟುಗಳೂ ಸರಕೂ ಬಂದ ಮೇಲೆ ಮರಳಿ ಬರುವುದಿಲ್ಲ. ಸನ್ನಿವೇಶಗಳನ್ನು ಬದಲಾಯಿಸುವ ಗುಪ್ತಪದ ಕೆಲಸ ಬಿಟ್ಟುಹೋದ ವ್ಯವಸ್ಥಾಪಕನೊಡನೆ ಹೋಗುತ್ತದೆ. ಪದೇಪದೇ ಏರಿಳಿಯುವ ದೀಪದಿಂದ ಬೇಸತ್ತ ಸಿಬ್ಬಂದಿ ಸಂವೇದಕಕ್ಕೆ ಟೇಪು ಅಂಟಿಸುತ್ತಾರೆ. ಕರೆಂಟು ಹೋಗಿ ಜನರೇಟರ್‌ಗೆ ತಿರುಗುವ ಕ್ಷಣದಲ್ಲಿ ನಿಯಂತ್ರಕವು ಮೂಲಸ್ಥಿತಿಗೆ ಮರಳಿ ಎಲ್ಲ ದೀಪಗಳನ್ನೂ ಪೂರ್ತಿ ಹೊತ್ತಿಸುವುದೂ ಇದೆ. ಸಣ್ಣ ಅಂಗಡಿಗಳಲ್ಲಿ ಇಷ್ಟೆಲ್ಲ ಜಾಲವಿಲ್ಲದೆಯೂ ಬಹುಪಾಲು ಪ್ರಯೋಜನ ದೊರೆಯುತ್ತದೆ: ಶೋಕೇಸ್, ಸಾಮಾನ್ಯ ಬೆಳಕು, ಸ್ಪಾಟ್‌ಲೈಟುಗಳಿಗೆ ಬೇರೆ ಬೇರೆ ಸ್ವಿಚ್ಚುಗಳು, ಶೋಕೇಸಿಗೆ ಒಂದು ಟೈಮರ್, ಕನ್ನಡಿಯ ಪಕ್ಕದಲ್ಲಿ ಹಗಲಿನ ವರ್ಣತಾಪವೂ 95ಕ್ಕೆ ಮೀರಿದ ಸಿಆರ್‌ಐಯೂ ಉಳ್ಳ ಒಂದು ದೀಪ.